ಎಂಟು ಬಾಯಿಯ ಕಾರ್ಡು

ರಾತ್ರಿಯೆಲ್ಲ ಜಿನುಗಿದ ಮಳೆ ನಸುಕಿಗೆ ನಿಂತಿತ್ತು. ಗಾಳಿಯ ಸುಳಿವಿರಲಿಲ್ಲ. ಗೋಕಾಕದ ಗುಡ್ಡವನ್ನು ಅರ್ಧಕ್ಕೆ ಮುಚ್ಚಿಕೊಂಡು ಮೋಡ ಕೂತುಬಿಟ್ಟಿತ್ತು. ಬಸದಿಗೆ ಉಟ್ಟು ಹೋಗಲೆಂದು ಹಿಂದಿನ ಸಂಜೆ ಹಿಂಡಿ ಹಾಕಿದ ಧೋತರ ಹಗ್ಗದ ಮೇಲೆ ಹಸಿಯಾಗೇ ಜೋತುಬಿದ್ದಿತ್ತು. ಜಿನೇಂದ್ರ ಅದನ್ನೇ ಉಟ್ಟು ಬಸದಿಗೆ ಹೋಗಿ ಬಂದ.

ದಶಲಕ್ಷಣ ಪರ್ವದ ಹತ್ತು ದಿನ ಮುಗಿದು ಅಂದು ಕ್ಷಮಾವಾಣಿ. ದೊಡ್ಡವರು ಸಣ್ಣವರು ಎನ್ನದೆ ಒಬ್ಬರ ಮನೆಗೆ ಒಬ್ಬರು ಹೋಗಿ, ತಿಳಿದೋ ತಿಳಿಯದೆಯೋ ನೋವು ಮಾಡಿದ್ದರೆ ಕ್ಷಮಿಸಿರಿ ಎಂದು ಕೈಮುಗಿದು ಕೇಳುವ ದಿನ. ಕೇಳಿದವನ ಎದೆ ಹಗುರಾಗುತ್ತದೆ, ಕೇಳಿಸಿಕೊಂಡವನದೂ ಹಗುರಾಗುತ್ತದೆ. ಹಿರಿಯರು ಯೋಚನೆ ಮಾಡಿಯೇ ಇಟ್ಟ ದಿನ ಅದು.

ಜಿನೇಂದ್ರನದು ಬಸ್ ನಿಲ್ದಾಣದ ಬಾಜೂಕ್ಕೆ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಪರ್ವದ ದಿನಗಳಲ್ಲಿ ಒಪ್ಪತ್ತು ಉಣ್ಣುತ್ತೇನೆ, ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ವ್ರತ ಹಿಡಿದಿದ್ದ. ಆ ಬೆಳಗ್ಗೆ ಅಂಗಡಿ ತೆಗೆದು ಕೂತವನು, ಫೋನಿನ ತಂತಿಯಲ್ಲಿ ತೊಟ್ಟುತೊಟ್ಟಾಗಿ ಇಳಿಯುವ ಇಂಟರ್ನೆಟ್ಟಿನಲ್ಲಿ ಮೊದಲು ಹುಡುಕಿದ್ದು ಒಂದು ಕಾರ್ಡಿಗಾಗಿ ತಾನು ಬರೆದಿದ್ದ ಡ್ರೈವರ್ ಎಂಬ ಬರಹವನ್ನು. ಹಳೆಯ ಜಾಗದಲ್ಲಿ ಇರಲಿಲ್ಲ. ಅದು ಆಗಬೇಕಾದದ್ದೇ. ಹೊಸ ಫೋಲ್ಡರಿನಲ್ಲಿ ಸಿಕ್ಕಿತು. ಸಾಲುಸಾಲೂ ಅವನ ಕೈಯದೇ. ನೆತ್ತಿಯ ಮೇಲೆ ಮಾತ್ರ, ಬರೆದವರು ಯಾರು ಎಂಬಲ್ಲಿ, ಗೆಳೆಯ ಭೀಮೇಶನ ಹೆಸರಿತ್ತು. ಅದರ ಕೆಳಗೆ, ಪರೀಕ್ಷೆಗೆ ನೆರವಾದವರು: ಜಿನೇಂದ್ರ, ಗೋಕಾಕ.

ಆ ಡ್ರೈವರ್ ಹುಟ್ಟಿದ್ದು ಮೂಡಲಗಿಯ ಒಂದು ಸೊಸಾಯಿಟಿಯಲ್ಲಿ. ಅಲ್ಲಿ ಒಂದೇ ಕಂಪ್ಯೂಟರಿಗೆ ಎಂಟು ಪರದೆ ಜೋಡಿಸಿದ್ದರು. ಎಂಟನ್ನೂ ಹಿಡಿದಿಟ್ಟದ್ದು ಒಳಗಿನ ಒಂದು ಕಾರ್ಡು, ಒಂದು ಕೊರಳಿಗೆ ಎಂಟು ಬಾಯಿ. ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಯಾರು ಬೇಕಾದರೂ ಓದಿ ತಿದ್ದಬಹುದಾದ ಒಂದು ಕರ್ನೆಲ್, ಅಂದರೆ ಇಡೀ ಯಂತ್ರವನ್ನು ಆಡಿಸುವ ಒಳತಂತ್ರ, ಆಗ ಹೆಸರು ಮಾಡುತ್ತಿತ್ತು. ಆದರೆ ಅದಕ್ಕೆ ಈ ಕಾರ್ಡಿನ ಮಾತು ತಿಳಿಯುತ್ತಿರಲಿಲ್ಲ. ಮಾತು ತಿಳಿಸಿಕೊಡುವ ಬರಹಕ್ಕೇ ಡ್ರೈವರ್ ಎನ್ನುವುದು. ಜಿನೇಂದ್ರ ಬರೆದು ಕಳಿಸಿದ, ಕರ್ನೆಲ್ ನೋಡಿಕೊಳ್ಳುವ ಪರದೇಶದ ಹಿರಿಯರು ಸೇರಿಸಿಕೊಂಡರು. ಯಾವ್ಯಾವ ಊರಿನವರೋ ಅವನಿಗೆ ಪತ್ರ ಬರೆದು, ನಿನ್ನಿಂದ ನಮ್ಮ ಹಳೆಯ ಕಾರ್ಡು ಬದುಕಿತು ಅಂದರು. ದುಡ್ಡು ಬರುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಆ ಒಂದು ಸಾಲಿನಲ್ಲಿ ತನ್ನ ಹೆಸರು, ಅಷ್ಟೇ.

ಆ ವರ್ಷ ಪರದೇಶದ ಹಿರಿಯರು ಕರ್ನೆಲಿನ ಮನೆ ಒಪ್ಪ ಮಾಡಲು ಹೊರಟರು. ಕೀಲಿಮಣೆ, ಪ್ರಿಂಟರ್, ಮೋಡೆಮ್ ಎಂದು ಎಲ್ಲದರ ಡ್ರೈವರುಗಳೂ ಒಂದೇ ಫೋಲ್ಡರಿನಲ್ಲಿ ರಾಶಿ ಬಿದ್ದಿದ್ದವು. ಇನ್ನು ಮೇಲೆ ಬಗೆಬಗೆಗೆ ಬೇರೆ ಫೋಲ್ಡರ್. ಬಾಯಿ ತೆರೆಯುವುದು, ವೇಗ ಹೊಂದಿಸುವುದು, ಮುಚ್ಚುವುದು, ಹೀಗೆ ಪ್ರತಿಯೊಬ್ಬರೂ ತಮ್ಮ ತಮ್ಮಲ್ಲಿ ಬರೆದುಕೊಂಡಿದ್ದ ಒಂದೇ ತೆರನ ಕೆಲಸವೆಲ್ಲ ಎಲ್ಲರಿಗೂ ಸೇರಿದ ಒಂದು ಕಡತಕ್ಕೆ ಹೋಗಬೇಕು. ಡ್ರೈವರಿನಲ್ಲಿ ಆಯಾ ಕಾರ್ಡಿನ ಸ್ವಂತ ಗುಣವಷ್ಟೇ ಉಳಿಯಬೇಕು. ಹೊಣೆ ಹೊರುವವರಿಲ್ಲದ್ದನ್ನು ತೆಗೆದುಹಾಕುತ್ತೇವೆ ಅಂದರು.

ಆಷಾಢ ಶ್ರಾವಣವೆಲ್ಲ ಜಿನೇಂದ್ರ ಜೋಳ ಹಸನು ಮಾಡಿದ ಹಾಗೆ ತನ್ನ ಡ್ರೈವರನ್ನು ಹಸನು ಮಾಡಿದ. ಹಂಚಿಕೊಳ್ಳುವುದನ್ನೆಲ್ಲ ಹಂಚಿದ ಮೇಲೆ ಉಳಿದದ್ದು ಸ್ವಲ್ಪವೇ. ಆ ಸ್ವಲ್ಪ ಅವನಿಗೆ ಮೊದಲಿಗಿಂತ ಹೆಚ್ಚು ತನ್ನದಾಗಿ ಕಂಡಿತು.

ಕೆಲಸ ಮುಗಿಯಿತು, ಪರ್ವ ಬಂತು. ಹಿರಿಯರು ಯಾವ ದಿನ ಕೇಳುತ್ತಾರೋ ಗೊತ್ತಿರಲಿಲ್ಲ. ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಭೀಮೇಶ ಸಾಲಿ ಕಲಿಯುವಾಗಿನಿಂದಲೂ ಅವನ ಗೆಳೆಯ. ಡ್ರೈವರ್ ತುಂಬಿದ ಫ್ಲಾಪಿಯನ್ನು ಜಿನೇಂದ್ರ ಅವನ ಕೈಗಿಟ್ಟು, "ಅವರು ಕೇಳಿದ್ರ ಇದನ್ನ ಕಳಿಸು" ಅಂದಿದ್ದ.

"ನೀ ದೇವರನ್ನ ನೋಡ್ಕೋ, ಇದನ್ನ ನಾ ನೋಡ್ಕೋತೇನಿ" ಎಂದು ಭೀಮೇಶ ನಕ್ಕಿದ್ದ.

ಭೀಮೇಶ ಅದನ್ನು ಕಳಿಸಿದ ತಾರೀಖು ಪರದೆಯ ಮೇಲಿತ್ತು. ಪರ್ವದ ಒಂಬತ್ತನೆಯ ದಿನ, ಆಕಿಂಚನ್ಯದ ದಿನ. ನನ್ನದು ಎಂಬುದು ಯಾವುದೂ ಇಲ್ಲ ಎಂದು ಅಂದು ಬಸದಿಯಲ್ಲಿ ಕೇಳುತ್ತ ಜಿನೇಂದ್ರನ ಕಣ್ಣು ಒದ್ದೆಯಾಗಿತ್ತು.

ಹೆಂಡತಿ ತ್ರಿಶಲಾ ಬುತ್ತಿ ತಂದವಳು ಅವನ ಮುಖ ನೋಡಿ ಪರದೆಯ ಕಡೆ ಬಗ್ಗಿದಳು.

"ಬರೀರಿ ಅವರಿಗೆ. ಹಳೇದರಾಗ ನಿಮ್ಮ ಹೆಸರು ಐತಲ್ಲ, ಸಾಕ್ಷಿ ಇನ್ನೇನು ಬೇಕು?"

"ಎಲ್ಲಾರೂ ಓದೋ ಜಾಗ ಅದು. ಅವನ ಮಾನ ಹೋಗತೈತಿ."

"ನಿಮ್ಮದು ಹೋಗೇತಲ್ಲ, ಅದಕ್ಕೇನು ಕಿಮ್ಮತ್ತಿಲ್ಲೇನ್ರಿ?"

"ಇವತ್ತ ಕ್ಷಮಾವಾಣಿ. ಹೋಗಿ ಬರ್ತೇನಿ. ಅಂವ ತಾನ ಹೇಳ್ತಾನ."

"ಕ್ಷಮಾ ಕೇಳಾಕ ಹೊಂಟೀರೋ, ಕೇಳಿಸ್ಕೊಳ್ಳಾಕ ಹೊಂಟೀರೋ?"

ಅವನು ಮೇಜಿನ ಕೆಳಗಿದ್ದ ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಮೂಡಲಗಿಯ ಯಂತ್ರವನ್ನು ನಿಲ್ಲಿಸಿ ಪರೀಕ್ಷೆ ಮಾಡುವಂತಿರಲಿಲ್ಲವಾದ್ದರಿಂದ ಅದೇ ಜಾತಿಯ ಈ ಕಾರ್ಡನ್ನು ಭೀಮೇಶ ಕಾಲೇಜಿನಿಂದ ತಂದುಕೊಟ್ಟಿದ್ದ. ಇದು ಕೈಯಲ್ಲಿದ್ದರೆ ಡ್ರೈವರಿನ ಕೆಲಸ ನಡೆಯುತ್ತದೆ, ಇಲ್ಲದಿದ್ದರೆ ನಿಂತಂತೆ. ತಪ್ಪಾಯಿತು ಎಂದು ಭೀಮೇಶ ಒಂದು ಮಾತು ಆಡಿದರೆ ಸಾಕು, ಇದನ್ನು ಇನ್ನಷ್ಟು ದಿನ ಇಟ್ಟುಕೊಳ್ಳುತ್ತೇನೆ ಎಂದು ಕೇಳುವ ಮನಸ್ಸಿತ್ತು.

ಕೊಣ್ಣೂರ ದಾಟುವಾಗ ಬಸ್ಸಿನ ಎರಡೂ ಕಡೆ ಕಬ್ಬು ತೊಯ್ದು ನಿಂತಿತ್ತು. ಭೀಮೇಶ ಏನು ಹೇಳಬಹುದು ಎಂದು ಜಿನೇಂದ್ರ ದಾರಿಯುದ್ದಕ್ಕೂ ತಾನೇ ಹೇಳಿಕೊಂಡ. ಪ್ರತಿ ಸಲವೂ ಕ್ಷಮಿಸಿದ.

ಹುಕ್ಕೇರಿಯಲ್ಲಿ ಭೀಮೇಶನ ತಾಯಿ ತಾಯವ್ವ ಹೊರಗೆ ಕೂತು ಶೇಂಗಾ ಒಡೆಯುತ್ತಿದ್ದಳು.

"ಬಾರಪಾ ಜಿನ್ನೂ. ನಿನ್ನ ಗೆಳೆಯಾಂದು ಹೆಸರು ಪರದೇಶದಾಗ ಬಂದೈತಂತ. ಕಾಲೇಜಿನವರು ನಿನ್ನಿ ಶಾಲು ಹೊದಿಸ್ಯಾರ. ನಿನಗ ಹೇಳಿಲ್ಲೇನು?"

"ಹೇಳ್ಯಾನವ್ವಾ" ಅಂದ ಜಿನೇಂದ್ರ. ಪರ್ವ ಮುಗಿದ ಮೇಲೆ ಅವನು ಆಡಿದ ಮೊದಲ ಸುಳ್ಳು ಅದು.

ಭೀಮೇಶ ಒಳಗಿಂದ ಬಂದ. "ಏನೋ ಸ್ವಾಮಿ, ವ್ರತ ಮುಗೀತೇನು? ಗಾಳಿ ಬಂದ್ರ ಹಾರಿ ಹೋಗೂ ಹಂಗ ಆಗೀಯಲ್ಲೋ."

ಪಡಸಾಲೆಯಲ್ಲಿ ಕೂತ ಮೇಲೆ ಜಿನೇಂದ್ರ ಕೈಮುಗಿದ. "ತಿಳಿದೋ ತಿಳೀಲಾರದೋ ನನ್ನಿಂದ ನಿನಗ ನೋವು ಆಗಿದ್ರ ಕ್ಷಮಾ ಮಾಡು." ಮುಗಿದ ಕೈ ಇಳಿಸದೆ ಕಾದ.

"ಹೋಗಲೇ, ಮಾಡೇನಿ" ಅಂದ ಭೀಮೇಶ. ಅವ್ವನಿಗೆ ಚಹಾ ಇಡು ಎಂದು ಕೂಗಿ ಹೇಳಿದ. ಜಿನೇಂದ್ರ ಕೈ ಇಳಿಸಿದ.

"ಡ್ರೈವರ್ ನೋಡಿದೆ" ಅಂದ ಜಿನೇಂದ್ರ.

ಭೀಮೇಶ ಗೋಡೆಯ ಕಡೆ ನೋಡಿದ. "ಅವಸರ ಮಾಡಿದ್ರು. ಹೊಣೆ ಯಾರದು, ಈಗ ಹೇಳ್ರಿ ಅಂದ್ರು. ಹೊಣೆಗಾರ ಬಸದ್ಯಾಗ ಕುಂತಾನ, ತಡೀರಿ ಅಂತ ಬರೀಲೇನು? ತಗದ ಒಗೀತಿದ್ರು."

"ಹೊಣೆ ಹೊತ್ತಿ, ಚಲೋ ಆತು. ಬರದಾಂವ ಯಾರು ಅನ್ನೂದು ಬ್ಯಾರೆ ಸಾಲಲ್ಲ?"

"ಅದು ಯಾರ ಸ್ವತ್ತೂ ಅಲ್ಲ ಅಂತ ನೀನ ಹೇಳಾಂವ. ನಿಮ್ಮ ಮುನಿಗಳೂ ಅದನ್ನ ಹೇಳ್ತಾರಲ್ಲ, ನಂದು ಅನ್ನೂದು ಏನೂ ಇಲ್ಲಂತ." ನಗಲು ನೋಡಿದ, ನಗು ಬರಲಿಲ್ಲ. ದನಿ ಇಳಿಸಿ ಅಂದ: "ನನ್ನ ನೌಕರಿ ಕಾಯಂ ಆಗೂದೈತಿ, ಜಿನ್ನೂ. ನಿನಗ ಅಂಗಡಿ ಐತಿ."

"ಒಂದ ಮಾತು ಕೇಳಿದ್ರ ನಾನ ನಿನ್ನ ಹೆಸರು ಬರದು ಕೊಡ್ತಿದ್ದೆ."

"ಗೊತ್ತು. ಕೊಡ್ತಿದ್ದಿ. ಅದಕ್ಕ ಕೇಳಲಿಲ್ಲ." ಭೀಮೇಶ ಈಗ ನೇರ ನೋಡಿದ. "ಕೇಳಿ ಇಸ್ಕೊಂಡಿದ್ರ ಜೀವ ಇರೂತನಕ ನಿನ್ನ ಮುಂದ ತಲಿ ತಗ್ಗಿಸಿ ಕೂಡಬೇಕಿತ್ತು."

ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು. ಜಿನೇಂದ್ರ ಅವನನ್ನು ಅಂದಿನವರೆಗೆ ನೋಡಿಯೇ ಇರಲಿಲ್ಲ ಎನ್ನುವಂತೆ ನೋಡಿದ. ದಾರಿಯಲ್ಲಿ ಅಷ್ಟು ಸಲ ಕ್ಷಮಿಸಿದ್ದ ಮನಸ್ಸು ಈಗ ಹುಡುಕಿದರೂ ಸಿಗಲಿಲ್ಲ. ಹಿರಿಯರಿಗೆ ಬರೆದರೆ ಹೆಸರು ತಿರುಗಿ ಬಂದೀತು. ಆದರೆ ಆ ಹೆಸರನ್ನು ನೋಡಿದಾಗಲೆಲ್ಲ ಈ ಪಡಸಾಲೆ ಕಣ್ಣ ಮುಂದೆ ಬಂದೀತು. ಬರೆಯುವುದಿಲ್ಲ ಎಂದು ಅಲ್ಲೇ ತಿಳಿಯಿತು. ಅದು ಕ್ಷಮೆಯಲ್ಲ, ಹೇಸಿಕೆ ಎಂದೂ ತಿಳಿಯಿತು.

ತಾಯವ್ವ ಚಹಾ ತಂದಿಟ್ಟಳು. "ಉಂಡು ಹೋಗಪಾ. ಹೊತ್ತು ಮುಳುಗೂದರಾಗ ಅಡಿಗಿ ಮಾಡ್ತೇನಿ, ನಿಮ್ಮ ರೀತಿ ನನಗ ಗೊತ್ತೈತಿ."

"ಇನ್ನೊಮ್ಮೆ ಬರ್ತೇನವ್ವಾ."

ಅವಳು ಒಳಗೆ ಹೋದ ಮೇಲೆ ಜಿನೇಂದ್ರ ಚೀಲಕ್ಕೆ ಕೈಹಾಕಿ ಬಟ್ಟೆಯ ಗಂಟು ತೆಗೆದ. ಬಿಚ್ಚಿ, ಕಾರ್ಡಿನ ಅಂಚಿಗೆ ಹತ್ತಿದ್ದ ಧೂಳನ್ನು ಅದೇ ಬಟ್ಟೆಯಿಂದ ಒರೆಸಿದ.

"ಕಾಲೇಜಿಂದು" ಅಂದ. "ಐದನೇ ಬಾಯಿ ತುಸು ಸಡಲ ಐತಿ. ಜಗ್ಗಬ್ಯಾಡ."

ಭೀಮೇಶ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ.