ಒಂಬತ್ತು ಲಕ್ಷ ಹೆಸರು, ಒಂದು ಡಿಸ್ಕು

ಮಧ್ಯಾಹ್ನ ಒಂದು ಗಂಟೆಗೆ ಪರದೆಯ ಮೇಲಿನ ಅಂಕಿ ನಾಲ್ಕಕ್ಕೆ ಬಂದಾಗ ಭುವನೇಶ್ವರಿ ಪೆನ್ನು ಹುಡುಕಿದಳು. ನೂರಕ್ಕೆ ನಾಲ್ಕು! ಹೊಸ ಕಂಪ್ಯೂಟರಿಗೆ ತುಂಬಲು ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು. ಮೂರು ತಾಸಿಗೆ ನಾಲ್ಕಾದರೆ ನೂರಾಗಲು ಎಪ್ಪತ್ತೈದು ತಾಸು ಬೇಕು. ಅವಳು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಎರಡು ಸಲ ಲೆಕ್ಕ ಹಾಕಿದಳು. ಎರಡು ಸಲವೂ ಬಂದದ್ದು ಮೂರು ಹಗಲು, ಮೂರು ರಾತ್ರಿ, ಮೇಲೊಂದಿಷ್ಟು. ಬಸವನ ಬಾಗೇವಾಡಿಯಲ್ಲಿ ಕರೆಂಟು ಬೆಳಗಿನಿಂದ ಹೋಗದೆ ನಿಂತದ್ದೇ ಪುಣ್ಯ. ಮೂರು ದಿನ ನಿಂತೀತೇ?

ನಿನ್ನೆ ಸಿಂದಗಿಯಲ್ಲಿ ಹಳೆಯ ಕಂಪ್ಯೂಟರಿನಿಂದ ಇದೆಲ್ಲವನ್ನೂ ಬ್ಯಾಕಪ್ ತೆಗೆಯಲು ಹಿಡಿದದ್ದು ಐವತ್ತೇ ನಿಮಿಷ. ತೆಗೆಯಲು ಐವತ್ತಾದರೆ ತುಂಬಲೂ ಹೆಚ್ಚುಕಡಿಮೆ ಅಷ್ಟೇ ಎಂದು ಅವಳು ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಬ್ಯಾಕಪ್ಪಿನ ಹಾರ್ಡ್ ಡಿಸ್ಕನ್ನು ಟವಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೆಳಗಿನ ಬಸ್ಸು ಹಿಡಿದು ಈ ಹೊಸ ಕಟ್ಟಡಕ್ಕೆ, ಈ ಹೊಸ ಯಂತ್ರದ ಮುಂದಕ್ಕೆ ಬಂದಿದ್ದಳು.

ಆ ಡಿಸ್ಕಿನಲ್ಲಿದ್ದದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಮನೆತನಗಳ ವಂಶಾವಳಿ. ಎತ್ತಿನ ಮೇಲೆ ಊರೂರು ತಿರುಗಿ, ಮನೆಯ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುವ ಹೆಳವರ ಬಾಯಿಂದ ಕೇಳಿ, ಒಂದು ಟ್ರಸ್ಟಿನವರು ನಾಲ್ಕು ವರ್ಷ ಬರೆಸಿದ್ದು. ಭುವನೇಶ್ವರಿ ಮತ್ತು ಇನ್ನಿಬ್ಬರು ಕೂಡಿಸಿದ ಒಂಬತ್ತು ಲಕ್ಷ ಹೆಸರು, ಹೇಳಿದವರ ದನಿಯ ಸಮೇತ.

ಅದರಲ್ಲಿ ಅರವತ್ತೆರಡು ಹಳ್ಳಿಗಳನ್ನು ಒಬ್ಬರೇ ಹೇಳಿದ್ದರು. ಹೆಳವರ ಪರಸಪ್ಪ ಮುತ್ಯಾ. ಗೆದ್ದಲು ತಿಂದ ಅವರ ಪುಸ್ತಕ ಕಂಪ್ಯೂಟರಿಗೆ ಏರಿದ ಮೇಲೆ ಅವರ ಪದ್ಧತಿಯಂತೆ ಹೊಳೆಗೆ ಹೋಗಿತ್ತು. ಹೋದ ವರ್ಷ ಲಕ್ವ ಹೊಡೆದ ಮೇಲೆ ಅವರ ತಲೆಯಲ್ಲಿದ್ದ ಹೆಸರುಗಳೂ ಹೋದವು. ಮಾತು ಉಳಿಯಿತು, ಸಿಟ್ಟು ಉಳಿಯಿತು, ಹೆಸರು ಮಾತ್ರ ಒಂದೂ ಇಲ್ಲ. ಮಗ ಸೋಮನಿಂಗ ಆ ವಿದ್ಯೆ ಕಲಿಯಲಿಲ್ಲ, ಟ್ರಸ್ಟಿನಲ್ಲಿ ಜವಾನನಾದ. ಅರವತ್ತೆರಡು ಹಳ್ಳಿಗಳಿಗೆ ಈಗ ಉಳಿದದ್ದು ಕಂಪ್ಯೂಟರಿನ ಬಾಯಿ ಒಂದೇ. ಹೊಸ ಯಂತ್ರಕ್ಕೆ ದೀಪ ಹಚ್ಚಲೆಂದು ಅವಳು ತನ್ನ ಜೊತೆ ಬಸ್ಸಿನಲ್ಲಿ ಕರೆತಂದಿದ್ದ ಮುತ್ಯಾ ಹೊರಗೆ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದರು.

ಯಾಕಿಷ್ಟು ನಿಧಾನ ಎಂಬುದು ಭುವನೇಶ್ವರಿಗೆ ಈಗ ಹೊಳೆಯಿತು. ಬ್ಯಾಕಪ್ ತೆಗೆಯುವಾಗ ಯಂತ್ರ ಹೆಸರುಗಳನ್ನು ಮೂಟೆ ಕಟ್ಟಿತ್ತು, ಅಷ್ಟೇ. ಈಗ ಮೂಟೆ ಬಿಚ್ಚಿ, ಒಂದೊಂದೇ ಹೆಸರನ್ನು ಎತ್ತಿ, ಇವನ ತಂದೆ ಯಾರು, ತಾಯಿ ಯಾವೂರವಳು, ಅವರಿಬ್ಬರೂ ಆಗಲೇ ಬಂದು ಕುಳಿತಿದ್ದಾರೆಯೇ ಎಂದು ಹುಡುಕಿ, ಸಿಕ್ಕ ಮೇಲೆ ಇವನನ್ನು ಕೂರಿಸುತ್ತಿತ್ತು. ತಪ್ಪು ನುಸುಳದಿರಲಿ ಎಂದು ಆ ತಪಾಸಣೆಯ ನಿಯಮ ಬರೆದವಳು ಅವಳೇ. ಬಂದು ಕುಳಿತವರು ಹೆಚ್ಚಿದಷ್ಟೂ ಹುಡುಕಾಟ ಉದ್ದವಾಗುತ್ತದೆ. ಎಪ್ಪತ್ತೈದು ತಾಸು ಎನ್ನುವುದೂ ಕಡಿಮೆಯ ಲೆಕ್ಕವೇ.

ಇರಲಿ, ಹಳೆಯ ಕಂಪ್ಯೂಟರ್ ಇದೆಯಲ್ಲ, ಎಂದುಕೊಂಡಳು. ಅದನ್ನು ಸೋಮನಿಂಗ ಟೆಂಪೋದಲ್ಲಿ ತಂದಿದ್ದಾನೆ. ಬೇಕಾದರೆ ಬೇರೆ ರೀತಿಯಲ್ಲಿ ಬ್ಯಾಕಪ್ ತೆಗೆದರಾಯಿತು.

"ಸೋಮನಿಂಗಣ್ಣ, ಹಳೇ ಕಂಪ್ಯೂಟರಿನ ಡಬ್ಬಿ ಇಳಿಸಿಯೇನ?"

"ಟೀವಿ ಇಳಿಸೇನ್ರಿ ಅಕ್ಕಾರ. ಟೈಪ್ ಮಾಡೂ ಹಲಗಿನೂ ಐತಿ."

"ಡಬ್ಬಿ?"

"ಅದನ್ನ ಬಿಟ್ಟ ಬಂದ್ನೆಲ್ಲರಿ."

"ಎಲ್ಲಿ, ಸಿಂದಗ್ಯಾಗ?"

"ಡೋಣಿ ಹೊಳ್ಯಾಗ್ರಿ."

ಮಾತು ಅವಳ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸೋಮನಿಂಗ ಹೊಗಳಿಕೆ ಬರುತ್ತದೆಂಬ ಮುಖ ಹೊತ್ತು ಮುಂದುವರಿಸಿದ. "ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು, ಸೇತುವಿ ಮ್ಯಾಲಿಂದ ಬಿಟ್ಟೇನ್ರಿ. ಏನೂ ಕಡಿಮಿ ಮಾಡಿಲ್ಲ. ಟೆಂಪೋದಾವ ಸುದ್ದಾ ಚಪ್ಪಲಿ ಕಳದು ಕೈ ಮುಗದ."

"ಯಾಕ?" ಅವಳು ಕುರ್ಚಿಯಿಂದ ಎದ್ದಳು.

"ಯಾಕ ಅಂದ್ರ? ನಿನ್ನಿ ನಾ ಕೇಳಿದ್ನೆಲ್ಲರಿ, ಪೂರಾ ಇಳೀತೇನ್ರಿ ಅಂತ. ಪೂರಾ ಇಳೀತು ಅಂದ್ರಿ. ಹೊಸಾ ಪುಸ್ತಕಕ್ಕ ಇಳಿಸಿದ ಮ್ಯಾಲ ಹಳೇದನ್ನ ಹೊಳಿಗೇ ಬಿಡ್ತೇವ್ರಿ ನಾವು. ನಮ್ಮ ಮನ್ಯಾಗ ಮೊದಲಿಂದ ಹಂಗ ಐತಿ."

ಹೌದು, ಅಂದಿದ್ದಳು. ಐವತ್ತೇ ನಿಮಿಷಕ್ಕೆ ಮುಗಿದ ಖುಷಿಯಲ್ಲಿ, ಎಂದೂ ಜೋರಾಗಿ ಮಾತಾಡದವಳು ಜೋರಾಗಿಯೇ ಅಂದಿದ್ದಳು. ಮಳೆಗಾಲದ ಡೋಣಿ, ಅದರ ಉಪ್ಪು ನೀರು, ಆಳೆತ್ತರದ ಕೆಸರು. ಹುಡುಕಿಸುವ ಮಾತೇ ಇಲ್ಲ.

ಕಟ್ಟೆಯ ಮೇಲಿಂದ ಮುತ್ಯಾನ ಗಂಟಲು ಕೇಳಿತು. "ಯಾವನಲೇ ಹೊಳಿಗೆ ಬಿಟ್ಟಾವ?"

"ನಾನಪ್ಪಾ."

"ಹೊಸಾದನ್ನ ಪೂರಾ ಓದಿಸಿ ಕೇಳಿದೇನ?"

ಸೋಮನಿಂಗ ತಿರುಗಿ ಪರದೆಯತ್ತ ನೋಡಿದ.

"ಓದಿಸಿ ಕೇಳೂತನಾ ಹಳೇದನ್ನ ಕೈ ಬಿಡಬಾರದಲೇ, ಮಂಗ್ಯಾನಂಥವನ! ಬರದಾವಗ ಎಲ್ಲಿ ಜೊಂಪು ಹತ್ತಿರ್ತೈತೋ, ಎಲ್ಲಿ ಒಂದು ಹಾಳಿ ಹಾರಿರ್ತೈತೋ, ನಿನಗ ಗೊತ್ತೈತೇನ? ಅಷ್ಟನ್ನೂ ಕಲೀಲಿಲ್ಲ. ಕಾಯಿ ಒಡಿಯೂದೊಂದು ಕಲತ!"

ಸೋಮನಿಂಗ ಮೇಜಿನ ಹತ್ತಿರ ಬಂದ. "ಅಕ್ಕಾರ," ಎಂದ ಮೆಲ್ಲಗೆ, "ಅಂದ್ರ ಈಗ ಎಲ್ಲಾ ಅದರಾಗ ಅಷ್ಟ ಐತೇನ್ರಿ?"

ಮೇಜಿನ ಮೇಲೆ, ತಂತಿಗಳ ತುದಿಗೆ, ಟವಲಿನ ಮೇಲೆ ಮಲಗಿದ್ದ ಡಿಸ್ಕನ್ನು ಇಬ್ಬರೂ ನೋಡಿದರು. ಅಂಗೈಯಷ್ಟು ಅಗಲ. ಆಗಲೇ ಅದು ಲೊಚ್ ಎಂದಿತು. ಸ್ವಲ್ಪ ತಡೆದು ಮತ್ತೆ, ಲೊಚ್ ಲೊಚ್.

ಭುವನೇಶ್ವರಿ ವಿಜಾಪುರಕ್ಕೆ ಫೋನು ತಿರುಗಿಸಿದಳು. ಡಿಸ್ಕು ಕೊಟ್ಟು ಜೋಡಿಸುವುದನ್ನು ಕಲಿಸಿದ್ದ ಕಂಪ್ಯೂಟರ್ ರಿಪೇರಿಯ ಖಾಜಾಸಾಬ ಸಿಕ್ಕ.

"ಸಪ್ಪಳ ಹೆಂಗ ಐತ್ರಿ ಅಕ್ಕಾ? ಗಡಿಯಾರದಂಗೋ, ಹಲ್ಲಿ ಲೊಚಗುಟ್ಟಿದಂಗೋ?"

"ಹಲ್ಲಿ ಹಂಗ್ರಿ, ಖಾಜಾಭಾಯಿ."

"ಯಾ ಅಲ್ಲಾ! ಬಸ್ಸಿನ್ಯಾಗ ಎಲ್ಲಿ ಇಟ್ಟಿದ್ರಿ?"

"ತೊಡಿ ಮ್ಯಾಲ."

"ಆ ರಸ್ತಾದಾಗ ಮನಷ್ಯಾರ ಹಲ್ಲ ಉದುರ್ತಾವ, ಇದರದೇನ್ರಿ. ಕೇಳ್ರಿ, ಅದು ಭಾಳ ಹೊತ್ತ ತಡಿಯಂಗಿಲ್ಲ. ಸಂಜಿತನಾ ಉಳದ್ರ ಪುಣ್ಯಾ. ಹಳೇ ಮಶೀನ್ ಐತೆಲ್ಲ, ಯಾಕ ಅಂಜತೀರಿ?"

"ಇಲ್ಲರಿ. ಅದು... ಹೊಳ್ಯಾಗ ಐತಿ."

ಖಾಜಾಸಾಬ ಯಾವ ಹೊಳೆ ಎಂದೂ ಕೇಳಲಿಲ್ಲ. "ಹಂಗಾರ ತುಂಬೂದು ಈಗಿಂದೀಗ ನಿಲ್ಲಸ್ರಿ. ಆ ಬ್ಯಾಕಪ್ಪಿನ ಮೂಟಿ ಬಿಚ್ಚಬ್ಯಾಡ್ರಿ. ಹಂಗ ಎತ್ತಿ ಹೊಸಾ ಮಶೀನಿಗೆ ಹಾಕ್ಕೋರಿ ಮೊದಲ. ಮುಂಜಾನೇನ ಮಾಡೂದಿತ್ತು ಅದನ್ನ."

ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟು ಅವಳು ಕ್ಷಣ ತಡೆದಳು. ನಾಲ್ಕು ಎಂದರೆ ಮೂವತ್ತಾರು ಸಾವಿರ ಹೆಸರು. ಅಷ್ಟಾದರೂ ಈಗ ಕಣ್ಣ ಮುಂದೆ ಇವೆ. ಒತ್ತಿದರೆ ಯಂತ್ರ ಅವನ್ನೂ ಅಳಿಸುತ್ತದೆ. ಒತ್ತಿದಳು. ಪರದೆ ಬರಿದಾಯಿತು.

ಮೂಟೆಯನ್ನು ಮೂಟೆಯಾಗಿಯೇ ಎತ್ತುವ ಕೆಲಸ ಸರಸರ ನಡೆಯಿತು. ಹತ್ತು, ಮೂವತ್ತು, ಅರವತ್ತು. ಸೋಮನಿಂಗ ಬಾಗಿಲಲ್ಲಿ ನಿಂತು ಒಂದೊಂದು ಅಂಕಿಗೂ ತುಟಿ ಅಲ್ಲಾಡಿಸುತ್ತಿದ್ದ. ತೊಂಬತ್ತೇಳಕ್ಕೆ ನಿಂತಿತು. ಲೊಚ್ ಲೊಚ್ ಎಂಬುದು ಈಗ ಎಡೆಬಿಡದೆ ಬರುತ್ತಿತ್ತು. ಐದು ನಿಮಿಷ. ಒಂಬತ್ತು ನಿಮಿಷ. "ಬಂದ ಮಾಡಿ ಮತ್ತ ಹಚ್ಚೂಣೇನ್ರಿ?" ಎಂದ ಸೋಮನಿಂಗ. "ಮುಟ್ಟಬ್ಯಾಡ!" ಎಂದು ಅವಳು ಕೂಗಿದ್ದಕ್ಕೆ ಅವಳೇ ಬೆಚ್ಚಿದಳು. ನಾಲ್ಕು ವರ್ಷದಲ್ಲಿ ಅವಳ ಸಿಟ್ಟಿನ ಗಂಟಲು ಕೇಳಿದ್ದು ಸೋಮನಿಂಗನಿಗೂ ಅದೇ ಮೊದಲು.

ತೊಂಬತ್ತೆಂಟು. ಆಮೇಲೆ ಒಮ್ಮೆಗೇ ನೂರು. ಅವಳು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಡಿಸ್ಕು ಸುಮ್ಮನಾಯಿತು. ಕೈಯಿಟ್ಟರೆ ಬಿಸಿ ಇತ್ತು, ಒಳಗೆ ತಿರುಗುವ ನಡುಕ ಇರಲಿಲ್ಲ. ಎಷ್ಟು ಸಲ ಹಚ್ಚಿದರೂ ಮತ್ತೆ ಏಳಲಿಲ್ಲ.

ಈ ಸಲ ಅವಳು ತಾನು ಬರೆದ ನಿಯಮಗಳನ್ನೆಲ್ಲ ಮೊದಲು ತೆಗೆದಿಟ್ಟಳು. ತಂದೆ ಯಾರೆಂದು ಕೇಳಬೇಡ, ಊರು ಕೇಳಬೇಡ, ಹುಡುಕುವ ಪಟ್ಟಿ ತಿದ್ದಬೇಡ. ಬಂದವರನ್ನೆಲ್ಲ ಬಂದ ಹಾಗೆ ಒಳಗೆ ಬಿಡು, ಸಂಬಂಧ ಆಮೇಲೆ ನೋಡೋಣ. ಹಾಗೆ ಬಿಟ್ಟದ್ದೇ ತಡ, ಎಪ್ಪತ್ತೈದು ತಾಸು ಅಂದದ್ದು ಎಪ್ಪತ್ತು ನಿಮಿಷಕ್ಕೆ ಮುಗಿಯಿತು! ಅವಳು ಗಡಿಯಾರವನ್ನು ನಂಬಲಾರದೆ ಸೋಮನಿಂಗನ ಕೈಗಡಿಯಾರವನ್ನೂ ನೋಡಿದಳು. ಆಮೇಲೆ ನಿಯಮ ಮತ್ತೆ ಹಾಕಿ, ತಂದೆಮಕ್ಕಳನ್ನು ಒಟ್ಟಿಗೇ ಜೋಡಿಸಲು ಇನ್ನು ಅರ್ಧ ತಾಸು. ಒಟ್ಟು ಒಂಬತ್ತು ಲಕ್ಷ ಹದಿನಾಲ್ಕು ಸಾವಿರದ ಇನ್ನೂರಾರು ಹೆಸರು. ಸಿಂದಗಿಯಲ್ಲಿ ಬರೆದುಕೊಂಡಿದ್ದೂ ಅಷ್ಟೇ. ತಂದೆ ಸಿಗದ ಮಗ ಒಬ್ಬನೂ ಇಲ್ಲ.

ಸೋಮನಿಂಗ ಪರದೆಗೆ ಕೈ ಮುಗಿದ.

ದನಿಗಳೂ ಬಂದಿವೆಯೇ ಎಂದು ನೋಡಲು ಅವಳು ಅರವತ್ತೆರಡು ಹಳ್ಳಿಗಳಲ್ಲಿ ಒಂದನ್ನು ತೆರೆದಳು. ಸ್ಪೀಕರಿನಿಂದ ಗಟ್ಟಿ ಕಂಠ ಹೊರಟಿತು. ಮಗನ ಹೆಸರು, ಅವನ ಮಗನ ಹೆಸರು, ಸೊಸೆ ಬಂದ ಊರು, ಎಲ್ಲೂ ತಡವರಿಸದ ರಾಗ. ಪರಸಪ್ಪ ಮುತ್ಯಾ ಕೋಲೂರಿಕೊಂಡು ಒಳಗೆ ಬಂದು, ಹೊಸ್ತಿಲಲ್ಲೇ ನಿಂತು, ತಲೆ ಓರೆ ಮಾಡಿ ಕೇಳಿದರು.

"ಯಾರವಾ ಇಂವ? ಚಲೋ ಹೇಳತಾನ."

ಭುವನೇಶ್ವರಿ ಸೋಮನಿಂಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನೀವ ಮುತ್ಯಾ," ಎಂದಳು.

"ಹೋಗ ಹುಚ್ಚಿ!" ಮುತ್ಯಾ ನಕ್ಕರು. "ನನಗೆಲ್ಲಿ ಬರ್ತೈತಿ ಇಷ್ಟ?" ಕೋಲನ್ನು ಗೋಡೆಗೆ ಒರಗಿಸಿ, ಕೇಳಲು ಅನುವಾಗಿ ಕುಳಿತರು. "ಹೇಳ್ಲಿ, ನಿಲ್ಲಸಬ್ಯಾಡ. ಯಾರ ಮನ್ಯಾವನೋ, ಪಾಪ."

ಮೌಸಿನ ಮೇಲಿಟ್ಟಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದಳು.