ಸ್ವೆಟರಣ್ಣ ಹಾಕಿಕೊಂಡ ಗುಂಡಿ

ಸ್ವೆಟರಣ್ಣ ತನ್ನ ತಂಗಿಗೆ ಒಂದು ಮಾತು ಬಾಕಿ ಉಳಿಸಿಕೊಂಡಿದ್ದಾನೆ, ‘ತಪ್ಪಾಯ್ತು’ ಎನ್ನುವ ಮಾತು. ಇವತ್ತಿನವರೆಗೂ ತೀರಿಸಿಲ್ಲ, ತೀರಿಸುವ ಲಕ್ಷಣವೂ ಕಾಣುವುದಿಲ್ಲ.

ಕಾರುಗಳ ಏಸಿ ರಿಪೇರಿ ಅವನ ಕಸುಬು. ಡಾಂಬರು ಕರಗುವ ಬೇಸಿಗೆಯಲ್ಲೂ ಮೊಣಕೈ ಸವೆದ, ಗ್ರೀಸಿನ ಕಲೆಗಳಲ್ಲಿ ತನ್ನ ಮೂಲವರ್ಣವನ್ನೇ ಮರೆತ ಉಣ್ಣೆಯ ಸ್ವೆಟರ್ ತೊಟ್ಟು, ಎಡಕ್ಕೆ ಕೊಂಚ ವಾಲಿ, ಒಂದೇ ಕಾರು ಹಿಡಿಯುವ ಶೆಡ್ಡಿನಲ್ಲಿ ಅವನು ಓಡಾಡುವುದನ್ನು ಕಂಡ ಹೊಸಬರು ಯಾರೋ ಜ್ವರದ ಮನುಷ್ಯನೆಂದೇ ತಿಳಿಯುತ್ತಿದ್ದರು. ಆ ಸ್ವೆಟರೇ ಅವನ ಮಾಪಕ. ರಿಪೇರಿ ಮುಗಿದ ಕಾರಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿ, ಕಣ್ಣು ಮುಚ್ಚಿ ಕೂರುವನು. ಚಳಿಗೆ ಕೈ ತಾನಾಗಿ ಕತ್ತಿನ ಗುಂಡಿ ಹಾಕಿಕೊಂಡಿತೆಂದರೆ ಏಸಿ ಸರಿಯಾಯಿತೆಂದು ಅರ್ಥ.

ಬಿಸಿಗಾಳಿ ಬಂತೆಂದ ಕೂಡಲೇ ಹಿಂದೆಮುಂದೆ ನೋಡದೆ ಗ್ಯಾಸ್ ತುಂಬಿಸಿ ಕಳಿಸುವವರನ್ನು ಅವನು ‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ವೈದ್ಯರು’ ಎಂದು ಬಯ್ಯುತ್ತಿದ್ದ. ಆದರೆ ಗಾಡಿಯ ಸಣ್ಣ ನರಳಿಕೆಯನ್ನೂ ಹಿಡಿಯುವ ಆ ಕಿವಿಗೆ ಮನುಷ್ಯರ ಮಾತು ಮಾತ್ರ ಬೀಳುತ್ತಿರಲಿಲ್ಲ. ಗಿರಾಕಿ ಬಾಯಿ ತೆರೆದರೆ ಅಂಗೈ ಅಡ್ಡ ಎತ್ತುತ್ತಿದ್ದ: “ನೀವು ಹೇಳ್ಬೇಡಿ, ಗಾಡಿ ಹೇಳ್ಲಿ.”

ತಂಗಿಗೂ ಅದೇ ಅಂಗೈ. ಅವಳು ಟ್ಯಾಕ್ಸಿ ಓಡಿಸುವವಳು. ದೊಡ್ಡಾಸ್ಪತ್ರೆಯ ಗೇಟಿನ ಮುಂದೆ ಸಾಲಿನಲ್ಲಿ ನಿಂತು ರೋಗಿಗಳನ್ನು ಮನೆ ಮುಟ್ಟಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅವಳ ಕಾರು ಬಿಸಿಯುಸಿರು ಬಿಡತೊಡಗಿತು. ಇನ್ನೊಂದು ದೂರು ಬಂದರೆ ಗಾಡಿ ಸಾಲಿನಿಂದ ಆಚೆ ಎಂದು ಗೇಟಿನ ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿದ್ದ. ಸಾಲು ತಪ್ಪಿದರೆ ಅವಳ ಮನೆಯ ಒಲೆ ಆರಿದಂತೆಯೇ.

ಶೆಡ್ಡಿಗೆ ಬಂದರೆ ಮಾತ್ರ ಆ ಕಾರು ಪರಮ ಸಾಧು. ಅಣ್ಣ ಗ್ಯಾಸಿನ ಒತ್ತಡ ನೋಡಿದ, ಪೈಪು ಮುಟ್ಟಿದ, ಕೂತ, ಗುಂಡಿ ಹಾಕಿಕೊಂಡ.

“ಏನೂ ಆಗಿಲ್ಲ ಕಣೇ. ಬಿಸಿ ಇರೋದು ನಿನ್ನ ತಲೇಲಿ.”

“ಅಣ್ಣಾ, ಓಡ್ತಿದ್ರೆ ತಣ್ಣಗೇ ಬರುತ್ತೆ. ಬಿಸಿಲಲ್ಲಿ ನಿಂತಾಗ್ಲೇ—”

ಅಂಗೈ ಮೇಲೆದ್ದಿತು. ಮತ್ತೆ ಬಂದಳು, ಮತ್ತೂ ಬಂದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸುವುದು ಹೇಗೆ?

ಒಂದು ಮಧ್ಯಾಹ್ನ ಅವಳು ಕಾರಿನ ಬದಲು ಅಣ್ಣನನ್ನೇ ರಿಪೇರಿ ಮಾಡಲು ಬಂದಳು. “ಹಿಂದೆ ಹತ್ತು. ಗಾಡಿ ಹೇಳ್ಲಿ ಅಂತೀಯಲ್ಲ, ಅದು ಮಾತಾಡೋ ಜಾಗಕ್ಕೇ ಬಾ.”

ದಾರಿಯುದ್ದಕ್ಕೂ ತಂಪು, ಹಿಂದಿನ ಸೀಟಿನಲ್ಲಿ ಸ್ವೆಟರಣ್ಣನ ಮೀಸೆಯಡಿ ಗೆದ್ದ ನಗೆ. ಗೇಟಿನ ಮುಂದೆ, ಒಂದು ಮರವೂ ಇಲ್ಲದ ಬಯಲಿನಲ್ಲಿ ಸಾಲು ನಿಂತಿತು. ಗಾಳಿ ಬೆಚ್ಚಗಾಯಿತು, ಆಮೇಲೆ ಒಲೆಯ ಬಾಯಿಯಂತೆ ಬೀಸಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಜ್ಜಿಯೊಬ್ಬಳನ್ನು ತಂದು ಅವನ ಪಕ್ಕಕ್ಕೆ ಕೂರಿಸಿದರು.

“ಬಿಚ್ಚಪ್ಪಾ ಅದನ್ನ,” ಎಂದಳು ಅಜ್ಜಿ. “ನಿನ್ನ ನೋಡಿದ್ರೇ ನಾನು ಬೆಂದ್‌ಹೋಗ್ತೀನಿ.”

ಅಷ್ಟರಲ್ಲಿ ಸೂಪರ್‌ವೈಸರ್ ಕಿಟಕಿಗೆ ಬಗ್ಗಿದ. “ಏಸಿ ಸರಿ ಇದೆಯಾ?”

ಮುಂದಿನ ಸೀಟಿನಿಂದ ತಂಗಿ ಕನ್ನಡಿಯಲ್ಲಿ ಅಣ್ಣನನ್ನು ನೋಡಿದಳು. ಸ್ವೆಟರಣ್ಣನ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಜನ್ಮದಲ್ಲಿ ಸುಳ್ಳು ಹೇಳದ ಆ ಕೈ ನಿಧಾನಕ್ಕೆ ಮೇಲೆದ್ದು ಕತ್ತಿನ ಗುಂಡಿ ಹಾಕಿಕೊಂಡಿತು.

“ಸ್ವಲ್ಪ ಚಳೀನೇ ಸಾರ್.”

ಅಜ್ಜಿ ಇಬ್ಬರನ್ನೂ ನೋಡಿದಳು. “ಹೌದಪ್ಪಾ, ನಡುಗ್ತಿದೀವಿ. ದಾರಿ ಬಿಡು ಮೊದ್ಲು.”

ಸೂಪರ್‌ವೈಸರ್ ಅತ್ತ ಹೋದದ್ದೇ ತಡ, ಸ್ವೆಟರಣ್ಣ ಸ್ವೆಟರ್ ಕಿತ್ತೆಸೆದು, ಹರಿದ ಬನಿಯನ್ನಿನಲ್ಲೇ ಇಳಿದು ಬಾನೆಟ್ ಎತ್ತಿದ. ಒಳಗೆ, ಏಸಿಯ ಬಿಸಿಯನ್ನು ಹೊರಹಾಕುವ ಫ್ಯಾನು ಕಲ್ಲಿನಂತೆ ನಿಂತಿತ್ತು. ನೆರಳಿನಲ್ಲಿ ತಿರುಗುವ ಅದರ ಮೋಟಾರು ಕಾದೊಡನೆ ಕೈಕೊಡುತ್ತಿತ್ತು. ಓಡುವಾಗ ಎದುರುಗಾಳಿಯೇ ಅದರ ಕೆಲಸ ಮಾಡಿ ದೋಷ ಮುಚ್ಚಿಡುತ್ತಿತ್ತು. ತಂಗಿ ಹೇಳಹೊರಟಿದ್ದು ಅದನ್ನೇ.

“ಗಾಡಿ ಏನಂತಣ್ಣಾ?”

ಅವನು ಬಾನೆಟ್ ಮುಚ್ಚಿದ. ಅಜ್ಜಿಯನ್ನು ಮನೆ ಮುಟ್ಟಿಸಿದ ಮೇಲೆ, ಸಂಜೆಯೊಳಗೆ ಹೊಸ ಮೋಟಾರು ಕೂರಿಸಿದ. ಅವಳ ಸಾಲು ಉಳಿಯಿತು. ಅಂದಿನಿಂದ ಪ್ರತಿ ಕಾರನ್ನೂ ಶೆಡ್ಡಿನಿಂದ ಬಿಸಿಲಿಗೆ ತಳ್ಳಿ, ನಿಲ್ಲಿಸಿ, ಅದರಲ್ಲಿ ಕೂರುತ್ತಾನೆ. ಗಿರಾಕಿ ಬಾಯಿ ತೆರೆದರೆ ಅಂಗೈ ಈಗಲೂ ಅರ್ಧ ಏಳುತ್ತದೆ. ಏನೋ ನೆನಪಾದಂತೆ ಇಳಿಯುತ್ತದೆ. “ಹೇಳಿ, ಎಲ್ಲಿ ನಿಂತಾಗ?” ಎನ್ನುತ್ತಾನೆ.

ಇಂಥವರು ದುಷ್ಟರಲ್ಲ. ನೆರಳಿನಲ್ಲಿ ಪರೀಕ್ಷೆ ಮಾಡಿ ಬಿಸಿಲಿನವರಿಗೆ ತೀರ್ಪು ಕೊಡುವ ಈ ಪ್ರಾಮಾಣಿಕರು ಕಚೇರಿಯಲ್ಲಿದ್ದಾರೆ, ಮನೆಯಲ್ಲಿದ್ದಾರೆ, ಧಿಕ್ಕಾರ ಕೂಗುವ ನಮ್ಮ ಮೆರವಣಿಗೆಗಳಲ್ಲೂ ಇದ್ದಾರೆ. ಸ್ವೆಟರಣ್ಣ ಒಮ್ಮೆಯಾದರೂ ಹೋಗಿ ಕೂತ, ಬೆಂದ. ನಿಮ್ಮ ಅಂಗೈಯೂ ಈಗ ಯಾರದೋ ಮಾತಿಗೆ ಅಡ್ಡ ಎದ್ದಿರಬಹುದು. ಇಳಿಸಿ. ಎದ್ದು ಹೋಗಿ ಅವರ ಸೀಟಿನಲ್ಲಿ ಕೂರಿ. ಆಮೇಲೆ ಹೇಳಿ, ಬಿಸಿಯೋ ತಣ್ಣಗೋ.