ಗುರುವಾರದ ವಾದ

ನಮ್ಮ ಯಜಮಾನರಿಗೆ ವಾದ ಮಾಡುವ ಚಟ. ಕುಡಿತವಿಲ್ಲ, ಇಸ್ಪೀಟಿಲ್ಲ, ಅಪ್ಪಟ ಚಿನ್ನ ಎಂದು ಹೇಳಿ ತವರಿನವರು ನನ್ನನ್ನು ಕೊಟ್ಟರು. ಹೆಣ್ಣು ನೋಡಲು ಬಂದ ದಿನವೇ ನನ್ನ ಸೋದರಮಾವನ ಜೊತೆ ಭೂಮಿಯ ತೂಕದ ವಿಷಯವಾಗಿ ಹಟ ಹಿಡಿದು ಕೂತಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಈ ದೇಶಕ್ಕೆ ಬಂದ ಮೇಲೆ ಆ ಚಟಕ್ಕೆ ಕಲ್ಲು ಬಿತ್ತು. ಇಲ್ಲಿಯವರು ವಾದ ಮಾಡುವುದಿಲ್ಲ, ನಗುತ್ತಾರೆ. ಇವರದು ಲಿಫ್ಟ್ ರಿಪೇರಿ ಕೆಲಸ. "ಈ ಬಾಗಿಲಿನ ಹಳಿ ವಾರೆಯಾಗಿದೆ" ಎಂದು ಇವರು ತೋರಿಸಿದರೆ ಮೇಲಧಿಕಾರಿ "ಒಳ್ಳೆಯ ಮಾತು" ಎಂದು ನಕ್ಕು, ಹಳಿಯನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗುತ್ತಾನೆ. ಇಂಥವರ ಜೊತೆ ಎಷ್ಟೆಂದು ಏಗುವುದು? ಇವರು ನನ್ನ ಮೇಲೆ ತಿರುಗಿದರು. ನಾನು ಅಡುಗೆಮನೆಯ ಮೂಲೆಯಲ್ಲಿ ಅಂಗಡಿಯೊಂದಕ್ಕೆ ಕಿಟಕಿ ಪರದೆ ಹೊಲಿದುಕೊಡುತ್ತೇನೆ. ಇವರು ಬಾಯಿ ತೆರೆದ ಕೂಡಲೇ ಮಷೀನು ತುಳಿಯಲು ಶುರುಮಾಡುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ, ನೆಮ್ಮದಿಯಾಗಿತ್ತು.

ಆಮೇಲೆ ಇವರು ಸುಮ್ಮನಾಗಿಬಿಟ್ಟರು. ಕೆಲಸದಿಂದ ಬಂದು ಉಗುರಿನ ಎಣ್ಣೆ ತೊಳೆದುಕೊಂಡು ಎದುರು ಕಟ್ಟಡದ ಗೋಡೆ ನೋಡುತ್ತಾ ಕೂರುವರು. ಒಂದು ದಿನ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ತುಟಿ ಪಿಟಕ್ಕೆನ್ನದೆ ತಿಂದೆದ್ದರು. ಬೇಡಿಕೊಂಡಿದ್ದ ಮೌನ ಸಿಕ್ಕಿತ್ತು, ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಹಾಗಿರುವಾಗ ಒಂದು ಗುರುವಾರ, ಇವರ ರಜದ ದಿನ, ಬಾಗಿಲು ಬಡಿದ ಸದ್ದಾಯಿತು. ಬಿಳಿ ಅಂಗಿ, ಟೈ ಕಟ್ಟಿದ ಇಬ್ಬರು. ಒಬ್ಬನು ಉದ್ದ, ಇನ್ನೊಬ್ಬನಿಗೆ ಕನ್ನಡಕ. ಇಬ್ಬರ ಎದೆಯೂ ಏದುಸಿರಿನಿಂದ ಏರಿಳಿಯುತ್ತಿತ್ತು, ಏಕೆಂದರೆ ಲಿಫ್ಟ್ ರಿಪೇರಿಯವರ ಈ ಮನೆ ಐದನೇ ಮಹಡಿಯಲ್ಲಿದೆ, ಕಟ್ಟಡಕ್ಕೆ ಲಿಫ್ಟಿಲ್ಲ. ದೇವರ ವಿಷಯ ಮಾತಾಡಲು ಬಂದಿದ್ದೇವೆ ಎಂದರು. ಅವರೂ ಈ ದೇಶದವರಲ್ಲ, ಯಾವುದೋ ದೂರದ ಊರಿಂದ ಇಲ್ಲಿಯ ಜನರನ್ನು ಉದ್ಧಾರ ಮಾಡಲು ಬಂದ ಮಿಷನರಿಗಳು.

"ಕೂತ್ಕೊಳಿ," ಅಂದರು ಇವರು. "ಮೊದಲು ಉಸಿರಾಡಿ, ಆಮೇಲೆ ದೇವರು."

ಅಂದು ಸಂಜೆಯವರೆಗೆ ವಾದ ನಡೆಯಿತು. ಇಲ್ಲಿಯ ಭಾಷೆಯಲ್ಲಿ ಇವರಿಗೆ ಇಷ್ಟೊಂದು ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹೊರಡುವಾಗ ಕನ್ನಡಕದವನು, "ಆಸಕ್ತಿ ಇಲ್ಲದ ಮನೆಗೆ ಮತ್ತೆ ಹೋಗೋ ಹಾಗಿಲ್ಲ. ನಿಮಗೆ ಆಸಕ್ತಿ ಇದೆ ಅಂದ್ಕೋಬಹುದಾ?" ಎಂದು ಕೇಳಿದ.

"ಇನ್ನೂ ಸಂದೇಹ ಇದೆ," ಎಂದರು ಇವರು.

ಆಮೇಲೆ ಪ್ರತಿ ಗುರುವಾರವೂ ಸಂದೇಹ. ಇವರು ಬೆಳಿಗ್ಗೆಯೇ ಗಡ್ಡ ಹೆರೆದು, ಬೀದಿಯಿಂದ ಎತ್ತಿ ತಂದು ಕಾಲು ಕೂರಿಸಿದ ಎರಡು ಕುರ್ಚಿಗಳನ್ನು ಒರೆಸಿಡುವರು. ಅಡುಗೆಗೆ ಉಪ್ಪು ಕಮ್ಮಿ ಎಂದು ನನ್ನನ್ನು ಬೈಯುವುದೂ ಶುರುವಾಯಿತು. ನಾನು ಮಷೀನು ನಿಲ್ಲಿಸಿ ಕದ್ದು ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ಒಂದು ವಿಷಯ ಗಮನಕ್ಕೆ ಬಂತು. ಇವರ ಬ್ರಹ್ಮಾಸ್ತ್ರವೊಂದಿದೆ: ಯಾರು ಯಾವ ಮಹಡಿಗೆ ಹೋಗಬೇಕೆಂದು ದೇವರಿಗೆ ಮೊದಲೇ ಗೊತ್ತಿದ್ದರೆ ನಾವು ಪ್ರಾರ್ಥನೆಯ ಬಟನ್ ಒತ್ತುವುದೇಕೆ? ನಮ್ಮೂರಿನಲ್ಲಿ ಘಟಾನುಘಟಿಗಳ ಬಾಯಿ ಮುಚ್ಚಿಸಿದ ಪ್ರಶ್ನೆ. ಅದನ್ನು ಇವರು ಈ ಇಬ್ಬರಿಗೆ ಕೇಳಲೇ ಇಲ್ಲ. ಗೆದ್ದರೆ ಅವರು ಬರುವುದು ನಿಲ್ಲುತ್ತದೆ. ಸೋತರೆ ಅವರ ದೇವರಿಗೆ ಕೈಮುಗಿಯಬೇಕು. ಇವರು ಎರಡೂ ಆಗದಂತೆ ದಾರಿ ನಡುವೆ ನಿಂತಿದ್ದರು.

ನಮ್ಮವರ ಸಂಘಕ್ಕೆ ಈ ಸುದ್ದಿ ಮುಟ್ಟಿತು. ನಮ್ಮ ಕಡೆಯವರೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಮಿಷನರಿಗಳು ನಯವಾಗಿ ಮಾತಾಡಿ ಜನರನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ ಎಂಬುದರಲ್ಲಿ ಅಲ್ಲಿ ಎರಡು ಮಾತಿಲ್ಲ. ಎರಡು ಮಾತಿಲ್ಲದ ಜಾಗವೆಂದೇ ಇವರು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಇವರು ಗೋಡೆ ನೋಡುತ್ತಾ ಕೂತಿದ್ದ ಕಾಲದಲ್ಲಿ ನಮ್ಮ ಮೆಟ್ಟಿಲು ಹತ್ತದ ಸಂಘದ ಅಧ್ಯಕ್ಷರು ಈಗ ಇವರನ್ನು ಉಳಿಸಿಕೊಳ್ಳಲು ಹತ್ತಿ ಬಂದರು. ಅದೂ ಗುರುವಾರವೇ.

ಅವರು ಕೂತು ಬೆವರೊರೆಸಿಕೊಳ್ಳುವಷ್ಟರಲ್ಲಿ ಮಿಷನರಿಗಳೂ ಬಂದರು. ಈ ಸಲ ಜೊತೆಗೆ ಅವರ ಹಿರಿಯ. ಎರಡನೇ ಕುರ್ಚಿ ಹಿರಿಯನಿಗೆ ಹೋಯಿತು. ಹಳಬರಿಬ್ಬರು ಬಾಗಿಲ ಬಳಿ ತಲೆ ತಗ್ಗಿಸಿ ನಿಂತರು.

"ನೋಡ್ರಿ," ಎಂದರು ಅಧ್ಯಕ್ಷರು, "ನಾವೆಲ್ಲ ಒಂದೇ ಮನೆಯವರ ಹಾಗೆ. ಇವರ ಕಡೆ ಹೋಗಲ್ಲ ಅಂತ ಈಗಲೇ ಹೇಳಿಬಿಡಿ."

ಹಿರಿಯನಿಗೆ ಕನ್ನಡ ಬರುವುದಿಲ್ಲ. ಆದರೂ ಇಲ್ಲಿಯ ಭಾಷೆಯಲ್ಲಿ ಅದನ್ನೇ ಕೇಳಿದ. "ನಮ್ಮ ಹುಡುಗರು ಇಲ್ಲಿಗೆ ಬರೋಕೆ ಶುರುಮಾಡಿ ವರ್ಷದ ಮೇಲಾಯ್ತು. ಬೇರೆ ಮನೆಗಳು ಕಾಯ್ತಿವೆ. ನಮ್ಮ ಕಡೆ ಬರ್ತೀರಾ, ಇಲ್ವಾ? ಒಂದೇ ಮಾತು ಸಾಕು."

ಅಧ್ಯಕ್ಷರೂ ಹಿರಿಯನೂ ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ಇಬ್ಬರಿಗೂ ಬೇಕಾದದ್ದು ಒಂದೇ, ನಮ್ಮ ಮನೆಯಲ್ಲಿ ವಾದ ಮುಗಿಯಬೇಕು.

ಸುಳ್ಳು ಹೇಳಿ ಗೆಲ್ಲುವವನು ವಾದಿಯೇ ಅಲ್ಲ ಎನ್ನುವುದು ನಮ್ಮ ಯಜಮಾನರ ಛಲ. 'ಸಂದೇಹ ಇದೆ' ಎನ್ನುವವರೆಗೆ ಇವರು ಹೋದಾರು, 'ನಿಮ್ಮ ಕಡೆ ಬರುತ್ತೇನೆ' ಎನ್ನಲಾರರು. ಇವರು 'ಇಲ್ಲ' ಎನ್ನಲು ಗಂಟಲು ಸರಿಮಾಡಿಕೊಂಡರು. ಆ ಗೋಡೆ, ಆ ಉಪ್ಪಿಲ್ಲದ ಊಟ ಮತ್ತೆ ಬಂತೆಂದು ನಾನು ಹೊಲಿಗೆ ಬಿಟ್ಟೆದ್ದೆ. ಸೆರಗಿಗೆ ಅಂಟಿದ್ದ ದಾರದ ತುಂಡುಗಳ ಸಮೇತ ಅಡುಗೆಮನೆಯಿಂದ ಹೊರಗೆ ಬಂದೆ.

"ಅವರಿಗಲ್ಲ, ನನಗೆ ಆಸಕ್ತಿ ಇದೆ," ಎಂದು ನನಗೆ ಬರುವ ಹರಕು ಮುರುಕು ಭಾಷೆಯಲ್ಲಿ ಹಿರಿಯನಿಗೆ ಹೇಳಿದೆ. ಅಧ್ಯಕ್ಷರಿಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ.

ಹಿರಿಯ ಎದ್ದು ನಿಂತು ನನ್ನ ಕೈ ಕುಲುಕಿದ. ಮುಂದಿನ ಗುರುವಾರದಿಂದ ಈ ಹುಡುಗರ ಪಾಠ ನನಗೇ ಎಂದ. ಅಧ್ಯಕ್ಷರು, "ಸಂಘದಲ್ಲಿ ಈ ವಿಷಯ ಎತ್ತಬೇಕಾಗುತ್ತೆ, ಅಮ್ಮಾ," ಎಂದು ಹೇಳಿ ಎದ್ದರು. ಮೆಟ್ಟಿಲಿಳಿಯುವಾಗ ಇಬ್ಬರೂ, ನೀವು ಮೊದಲು, ನೀವು ಮೊದಲು ಎಂದು ಉಪಚಾರ ಮಾಡಿಕೊಂಡರು.

ಸ್ವಲ್ಪ ಹೊತ್ತಿಗೆ ಉದ್ದನೆಯವನು ಕೊಡೆ ಮರೆತೆನೆಂದು ಒಬ್ಬನೇ ಹತ್ತಿ ಬಂದ. ಕೊಡೆ ಅವನ ಕೈಯಲ್ಲೇ ಇತ್ತು.

"ನಿಮಗೆ ಆಸಕ್ತಿ ಇಲ್ಲ ಅಂತ ನನಗೆ ಗೊತ್ತು," ಎಂದ ಮೆಲ್ಲಗೆ. "ಅವರಿಗೂ ಇಲ್ಲ. ಆದರೂ ಈ ಮನೆ ಮೇಲೆ ಭರವಸೆ ಇದೆ ಅಂತ ನಾವಿಬ್ಬರೂ ಪ್ರತಿ ವಾರ ಹಿರಿಯರಿಗೆ ಹೇಳ್ತಾ ಬಂದ್ವಿ. ಬೇರೆ ಮನೆಗಳಲ್ಲಿ ನಕ್ಕು, ಒಳ್ಳೆಯ ಮಾತು ಅಂತ ಹೇಳಿ ಬಾಗಿಲು ಹಾಕ್ತಾರೆ. 'ನೀವು ಹೇಳೋದು ತಪ್ಪು' ಅಂತ ನಮ್ಮನ್ನ ಕೂರಿಸಿ ಹೇಳೋದು ಇಲ್ಲಿ ಮಾತ್ರ."

ಅವನು ಹೋದ ಮೇಲೆ ನಮ್ಮ ಯಜಮಾನರು ಕುರ್ಚಿ ಎಳೆದುಕೊಂಡು ನನ್ನ ಮಷೀನಿನ ಪಕ್ಕ ಬಂದು ಕೂತರು.

"ಸುಳ್ಳು ಯಾಕೆ ಹೇಳ್ದೆ?"

"ನೀವು ಮತ್ತೆ ಆ ಗೋಡೆ ನೋಡ್ತಾ ಕೂರೋದು ನನ್ನ ಕೈಲಿ ನೋಡಕ್ಕಾಗಲ್ಲ, ಅದಕ್ಕೆ."

ಅವರು ನೆಲಕ್ಕೆ ಬಗ್ಗಿದರು. ಬಿದ್ದಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಹೆಕ್ಕಿದರು.

"ಗುರುವಾರ ಏನು ಕೇಳ್ತೀಯ?" ಎಂದರು ಕೊನೆಗೆ.

"ನಿಮ್ಮ ಬಟನ್ ಪ್ರಶ್ನೆ."

"ಅದೊಂದು ಬೇಡ. ಅದಕ್ಕೆ ಉತ್ತರ ಸಿಗದೆ ಹೋದ್ರೆ ಆ ಮಕ್ಕಳು ಮತ್ತೆ ಬರಲ್ಲ."

ಎಲ್ಲಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು, ಹೌದಲ್ಲ ಎಂದು ಯಾವಾಗ ತಲೆಯಾಡಿಸಬೇಕು, ಒಂದೊಂದನ್ನೇ ಹೇಳಿಕೊಟ್ಟರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

"ಸೋಲೋದು ನಿಮಗೆ ಇಷ್ಟು ಚೆನ್ನಾಗಿ ಬರತ್ತೆ. ನನ್ನ ಹತ್ರ ಒಂದು ಸಲಾನಾದ್ರೂ ಯಾಕೆ ಸೋಲಲಿಲ್ಲ?"

"ನೀನು ಹೇಳೋದೇ ತಪ್ಪು," ಎಂದು ಅವರು ಶುರುಮಾಡಿದರು. ಅರ್ಧ ಹೊಲಿದ ಪರದೆ ಮಷೀನಿನ ಮೇಲಿತ್ತು. ನಾನು ತುಳಿಯಲಿಲ್ಲ.